ಎತ್ತರಿಸಿದ ಪಿಕಪ್‌ನ ಹಿಂದಿನ ‘ಟಕ್’ ಸದ್ದು

ಗಾಡಿ ಹೊರಡುವಾಗ ಒಮ್ಮೆ, ಬ್ರೇಕ್ ಒತ್ತಿದಾಗ ಇನ್ನೊಮ್ಮೆ ಹಿಂದಿನಿಂದ ‘ಟಕ್’. ಒಂದೇ ವೇಗದಲ್ಲಿ ಓಡುವಾಗ ಸದ್ದಿಲ್ಲ. ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ, ಪಟ್ಟಿ ಸ್ಪ್ರಿಂಗಿನ ಕೆಳಗೆ, 3 ಇಂಚಿನ ಲೋಹದ ಬ್ಲಾಕ್ ಇಟ್ಟು ಎತ್ತರಿಸಿದ ಗಾಡಿ ಅದು. ಮೊದಲ ಅನುಮಾನ ಯೂನಿವರ್ಸಲ್ ಜಾಯಿಂಟ್ ಮೇಲೆ, ಅಂದರೆ ಎಂಜಿನ್ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಶಾಫ್ಟಿನ ಕೀಲಿನ ಮೇಲೆ. ಚಕ್ರಗಳಿಗೆ ಅಡೆ ಕೊಟ್ಟು, ನ್ಯೂಟ್ರಲ್‌ಗೆ ಹಾಕಿ, ಶಾಫ್ಟನ್ನು ಕೈಯಲ್ಲಿ ತಿರುಚಿ ನೋಡಿದೆ, ಕೀಲಿನಲ್ಲಿ ಸಡಿಲಾಟವಿರಲಿಲ್ಲ. ಶಾಫ್ಟ್ ಹಿಂದೆ ಮುಂದೆ ಸರಿಯಲು ಬಿಡುವ ಸ್ಲಿಪ್ ಯೋಕ್‌ಗೆ ಗ್ರೀಸ್ ತುಂಬಿದರೂ ಸದ್ದು ಹೋಗಲಿಲ್ಲ.

ಸುಳಿವು ಸಿಕ್ಕಿದ್ದು ಟಾರ್ಚ್ ಬೆಳಕಿನಲ್ಲಿ. ಎಡಗಡೆ ಬ್ಲಾಕ್ ಆಕ್ಸಲ್ ಮೇಲೆ ಕೂರುವ ಸಂದಿಯಲ್ಲಿ ಕುಂಕುಮದಂಥ ನುಣ್ಣನೆಯ ತುಕ್ಕಿನ ಪುಡಿ, ಪಕ್ಕದಲ್ಲೇ ಉಜ್ಜಿ ಹೊಳೆಯುತ್ತಿದ್ದ ಕಬ್ಬಿಣ. ಲೋಹ ಲೋಹದ ಮೇಲೆ ಸರಿದಾಡುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸ್ಪ್ರಿಂಗ್, ಬ್ಲಾಕ್, ಆಕ್ಸಲ್ ಮೂರನ್ನೂ ಸೇರಿಸಿ ಹಿಡಿಯುವ ಯು-ಬೋಲ್ಟ್ (U ಆಕಾರದ ಬೋಲ್ಟ್) ಸಡಿಲವಾಗಿತ್ತು. ಹೊಸದಾಗಿ ಬಿಗಿದ ಮೇಲೆ ಬ್ಲಾಕಿನ ಬಣ್ಣ ನಲುಗಿ, ಬೋಲ್ಟ್ ತುಸು ಹಿಗ್ಗಿ ಬಿಗಿ ಇಳಿಯುತ್ತದೆ. ಮರಳಿ ಬಿಗಿಯದಿದ್ದರೆ ಹೀಗಾಗುತ್ತದೆ.

ಹಿಗ್ಗಿದ ಬೋಲ್ಟನ್ನೇ ಮತ್ತೆ ಬಿಗಿಯುವುದು ಅಪಾಯ, ಎರಡೂ ಬದಿಯ ನಾಲ್ಕನ್ನೂ ಬದಲಿಸಿ. ಸ್ಪ್ರಿಂಗ್ ಪಟ್ಟಿಗಳನ್ನು ನಡುವೆ ಜೋಡಿಸುವ ಸೆಂಟರ್ ಬೋಲ್ಟ್ ಸವೆದಿದೆಯೇ, ಬ್ಲಾಕಿನ ಪಿನ್ ಕೂರುವ ತೂತು ಮೊಟ್ಟೆಯಾಕಾರಕ್ಕೆ ಅಗಲವಾಗಿದೆಯೇ ನೋಡಿ; ಅಗಲವಾಗಿದ್ದರೆ ಬರೀ ಬಿಗಿತ ಸಾಲದು. ಕೂರುವ ಜಾಗದ ತುಕ್ಕು, ಬಣ್ಣ ಕೆರೆದು ತೆಗೆಯಿರಿ. ನಟ್‌ಗಳನ್ನು ಕರ್ಣರೇಖೆಯಲ್ಲಿ, ಮೂರು ಹಂತದಲ್ಲಿ ಬಿಗಿಯಿರಿ. ಕೊನೆಯ ಹಂತ ಗಾಡಿಯ ಭಾರ ಚಕ್ರದ ಮೇಲಿರುವಾಗ, ಕಿಟ್‌ನಲ್ಲಿ (ಎತ್ತರಿಸುವ ಸಾಮಾನಿನ ಪೊಟ್ಟಣ) ಕೊಟ್ಟ ಬಿಗಿತದ ಅಳತೆಗೆ, ಬಿಗಿತ ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್‌ನಲ್ಲೇ. 150 ಕಿ.ಮೀ. ಓಡಿದ ಮೇಲೆ ಒಮ್ಮೆ, 800ಕ್ಕೆ ಮತ್ತೊಮ್ಮೆ ಪರೀಕ್ಷಿಸಿ.