ಹುರುಪಿಲ್ಲದ ದಿನಗಳಿಗೆ ಒಂದು ಏರ್ಪಾಡು

"ಧೈರ್ಯವಾಗಿರು, ಎಲ್ಲ ಸರಿಹೋಗುತ್ತೆ" ಎಂದವರು ನನಗೆ ಬೇಕಾದಷ್ಟು ಜನ ಸಿಕ್ಕರು. ಅವರ ಮೇಲೆ ನನಗೇನೂ ಬೇಸರವಿಲ್ಲ, ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಮಾತು ಕೇಳಿ ನಾನು ಒಂದು ದಿನವೂ ಹಾಸಿಗೆ ಬಿಟ್ಟೆದ್ದು ವ್ಯಾಯಾಮ ಮಾಡಿದವಳಲ್ಲ. ನನ್ನನ್ನು ಎಬ್ಬಿಸಿದ್ದು ಬೇರೆ. ಯಾರಿಂದ ಏನು ಸಿಗುತ್ತದೆ ಎಂದು ಲೆಕ್ಕ ಹಾಕಿ, ಒಬ್ಬೊಬ್ಬರನ್ನು ಒಂದೊಂದೇ ಸಣ್ಣ ಕೆಲಸಕ್ಕೆ ಕೇಳಿಕೊಂಡೆನಲ್ಲ, ಅದು.

ನಾನು ಶಾಲೆಯೊಂದರಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದೆ. ಮಕ್ಕಳಿಗೆ ವಾಲಿಬಾಲ್ ಸ್ಮ್ಯಾಶ್ ಹೇಳಿಕೊಡುತ್ತಾ ನೆಗೆದು ಕೆಳಗಿಳಿದಾಗ ಮಂಡಿ ಒಳಮುಖವಾಗಿ ತಿರುಚಿತು, ಒಳಗೆ ಏನೋ ಟಪ್ಪೆಂದಿತು. ಯಾರೂ ಡಿಕ್ಕಿ ಹೊಡೆದಿರಲಿಲ್ಲ. ಎಸಿಎಲ್ ಎನ್ನುವ ಲಿಗಮೆಂಟ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ನಾರು, ಬಹುಪಾಲು ಹರಿಯುವುದೇ ಹೀಗೆ, ಇನ್ನೊಬ್ಬರ ಏಟು ಬೀಳದೆ, ನೆಗೆದು ಇಳಿಯುವಾಗಲೋ ಥಟ್ಟನೆ ದಿಕ್ಕು ಬದಲಿಸುವಾಗಲೋ. ಎಂಆರ್‌ಐ ಆಯಿತು, ಆಪರೇಷನ್ ಆಯಿತು, ತಿಂಗಳುಗಟ್ಟಲೆ ಫಿಸಿಯೋಥೆರಪಿ ಶುರುವಾಯಿತು. ಇದರ ನಡುವೆ ಶಾಲೆಯ ಗುತ್ತಿಗೆ ಮುಗಿಯಿತು, ಅವರು ಮುಂದುವರಿಸಲಿಲ್ಲ. ಓಡಲಾರದ ಪಿ.ಟಿ. ಟೀಚರ್ ಯಾರಿಗೆ ಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಇನ್ನೇನು ಮೆಲ್ಲಗೆ ಓಡಬಹುದು ಎನ್ನುವ ಹೊತ್ತಿಗೆ ಅದೇ ಮಂಡಿಯ ಮೆನಿಸ್ಕಸ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಹರಿದು ಮತ್ತೊಂದು ಆಪರೇಷನ್. ಮೊದಲನೆಯದಕ್ಕಿಂತ ಈ ಎರಡನೆಯದು ನನ್ನನ್ನು ಹೆಚ್ಚು ಕೆಡವಿತು. ಮೊದಲ ಸಲ ಮುಂದೇನು ಕಾದಿದೆ ಎಂದು ಗೊತ್ತಿರಲಿಲ್ಲ. ಎರಡನೇ ಸಲ ಚೆನ್ನಾಗಿ ಗೊತ್ತಿತ್ತು.

ಮಂಡಿಯ ಬಗ್ಗೆ ಒಂದು ಸಂಗತಿ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಹುರುಪಿನ ಬಗ್ಗೆ ನನ್ನ ತಿಳಿವಳಿಕೆ ಬದಲಾದದ್ದು ಅದರಿಂದ. ಆಪರೇಷನ್ ಆದ ಮೇಲೆ ಮೊದಲು ಕೊಡುವ ವ್ಯಾಯಾಮ ನೋಡಲು ತೀರಾ ಸಣ್ಣದು: ಕಾಲು ಚಾಚಿ ಮಲಗಿ, ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿಹಿಡಿದು ಬಿಡುವುದು, ಅಷ್ಟೇ. ನನ್ನಿಂದ ಅದು ಆಗಲಿಲ್ಲ. ಬಿಗಿ ಬಿಗಿ ಎಂದು ಮನಸ್ಸು ಕೂಗುತ್ತಿದೆ, ತೊಡೆ ಮಾತ್ರ ಯಾರದೋ ಕಾಲಿನಂತೆ ಸುಮ್ಮನೆ ಬಿದ್ದಿದೆ. ನನ್ನಲ್ಲಿ ಛಲವೇ ಸತ್ತಿದೆ ಎಂದುಕೊಂಡು ಅತ್ತೆ. ಫಿಸಿಯೋ ನಕ್ಕು, "ಮೇಡಂ, ಇದು ಛಲದ ಪ್ರಶ್ನೆ ಅಲ್ಲ" ಎಂದರು. ಮಂಡಿಯೊಳಗೆ ಊತವಿದ್ದರೆ ಅಲ್ಲಿಂದ ಹೋಗುವ ಸಂಕೇತಗಳ ಕಾರಣಕ್ಕೆ ನರಮಂಡಲವೇ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದಂತೆ. ಎಷ್ಟು ಇಚ್ಛಾಶಕ್ತಿಯಿದ್ದರೂ ಪೂರ್ತಿ ಬಿಗಿಯಾಗುವುದಿಲ್ಲ. ಅದಕ್ಕೆ ಮದ್ದು ಊತ ಇಳಿಸುವುದು, ಬೇಕಾದರೆ ಹೊರಗಿನಿಂದ ಸಣ್ಣ ವಿದ್ಯುತ್ ಕೊಟ್ಟು ಸ್ನಾಯುವನ್ನು ಎಬ್ಬಿಸುವುದು. ಅವರು ಎರಡು ಪ್ಯಾಡ್ ಅಂಟಿಸಿ ಯಂತ್ರ ಹಾಕಿದರು. ತೊಡೆ ತಾನಾಗಿಯೇ ಕುಣಿಯಿತು.

ಮನಸ್ಸಿಗೂ ಹೀಗೇ ಹೊರಗಿನಿಂದ ಏನಾದರೂ ಬೇಕು ಎಂದು ಆಗಲೇ ಅನಿಸಿತು. ಒಳಗಿಂದ ಬರಲಿ ಎಂದು ಕಾಯುತ್ತಾ ಕೂತರೆ ಕೂತಲ್ಲೇ ಕಳೆದುಹೋಗುತ್ತೇನೆ.

ನನ್ನ ಗೆಳತಿಯೊಬ್ಬಳು ಮನಶ್ಶಾಸ್ತ್ರ ಓದಿದವಳು. ಜೇಮ್ಸ್ ಹೌಸ್ ಎನ್ನುವ ಸಮಾಜಶಾಸ್ತ್ರಜ್ಞರು 1981ರಲ್ಲೇ ಬೆಂಬಲವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದನ್ನು ಅವಳು ಹೇಳಿದಳು. ಮನಸ್ಸಿಗೆ ಆಸರೆಯಾಗುವುದು ಒಂದು, ಕೈಕೆಲಸಕ್ಕೆ ಒದಗುವುದು ಒಂದು, ತಿಳಿವಳಿಕೆ ಕೊಡುವುದು ಇನ್ನೊಂದು, ನೀನು ಎಲ್ಲಿದ್ದೀಯ, ಹೇಗೆ ಮಾಡುತ್ತಿದ್ದೀಯ ಎಂದು ಅಳೆದು ಹೇಳುವುದು ನಾಲ್ಕನೆಯದು. ಕೇಳಿದಾಗ ಇದರಲ್ಲೇನು ವಿಶೇಷ ಎನಿಸಿತ್ತು. ರಾತ್ರಿ ನಿದ್ದೆ ಬಾರದೆ ನನ್ನ ಸುತ್ತಲಿನವರನ್ನು ಈ ನಾಲ್ಕರಲ್ಲಿ ಹಂಚಿ ನೋಡಿದೆ. ಆಗ ತಿಳಿಯಿತು, ನನ್ನ ಹತ್ತಿರ ಮೊದಲನೆಯದು ರಾಶಿ ಇದೆ, ಕೊನೆಯದು ಒಂದೂ ಇಲ್ಲ. "ಪಾಪ" ಎನ್ನುವವರು ಸಾಲುಗಟ್ಟಿದ್ದಾರೆ, "ಹೋದ ವಾರಕ್ಕಿಂತ ಈ ವಾರ ಮಂಡಿ ಚೆನ್ನಾಗಿ ಮಡಚುತ್ತಿದೆ" ಎನ್ನಲು ಮನೆಯಲ್ಲಿ ಯಾರೂ ಇಲ್ಲ. ಮತ್ತೂ ಒಂದು ಕಂಡಿತು: ಅಕ್ಕನೊಬ್ಬಳಿಂದಲೇ ನಾನು ನಾಲ್ಕನ್ನೂ ಬಯಸುತ್ತಿದ್ದೆ. ಅವಳಿಗೂ ಸಂಸಾರವಿದೆ.

ಹಾಗಾಗಿ ಕೇಳಲು ಶುರುಮಾಡಿದೆ. ಬರೆಯುವಾಗ ಸುಲಭವಾಗಿ ಕಾಣುತ್ತದೆ, ಬಾಯಿಗೆ ಬರುವುದು ಮಾತ್ರ ಬಹಳ ಕಷ್ಟ. ಜನ ಇಲ್ಲವೆನ್ನುತ್ತಾರೆ ಎನ್ನುವ ಅಂಜಿಕೆಯೇ ಇದಕ್ಕೆ ಮುಖ್ಯ ಕಾರಣ ಇರಬೇಕು. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಹೀಗಿದೆ: ಅಪರಿಚಿತರ ಹತ್ತಿರ ಹೋಗಿ ಒಂದು ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಕು, ಐದು ಜನ ಒಪ್ಪಬೇಕು. ಅದಕ್ಕೆ ಸುಮಾರು 20 ಜನರನ್ನು ಕೇಳಬೇಕಾದೀತು ಎಂದು ಹೊರಟವರು ಅಂದಾಜಿಸಿದ್ದರು. ಸುಮಾರು 10 ಜನರನ್ನು ಕೇಳುವಷ್ಟರಲ್ಲೇ ಕೆಲಸ ಮುಗಿದಿತ್ತು. ಅಪರಿಚಿತರೇ ಹೀಗಾದರೆ ನಮ್ಮವರು?

ಕೇಳುವ ರೀತಿಯೊಂದನ್ನು ರೂಢಿಸಿಕೊಂಡೆ. "ಸ್ವಲ್ಪ ಸಹಾಯ ಬೇಕಿತ್ತು" ಎಂದರೆ ಎದುರಿನವರು ಗಾಬರಿಯಾಗುತ್ತಾರೆ, ಎಷ್ಟು, ಎಲ್ಲಿಯವರೆಗೆ ಎಂದು ಅವರಿಗೆ ತಿಳಿಯದು. ಅದಕ್ಕೆ ಏನು, ಯಾವಾಗ, ಎಲ್ಲಿಯವರೆಗೆ, ಈ ಮೂರನ್ನೂ ಮೊದಲೇ ಹೇಳಿಬಿಡುತ್ತಿದ್ದೆ. ಆಗದಿದ್ದರೆ ಹೇಗೆ ಇಲ್ಲವೆನ್ನಬೇಕು ಎನ್ನುವುದನ್ನೂ ನಾನೇ ಹೇಳಿಕೊಡುತ್ತಿದ್ದೆ: "ಆಗಲ್ಲ ಅಂತ ಒಂದೇ ಮಾತು ಮೆಸೇಜ್ ಹಾಕು ಸಾಕು, ಕಾರಣ ಬೇಡ." ಇಲ್ಲವೆನ್ನಲು ದಾರಿ ಬಿಟ್ಟರೆ ಹೂಂ ಎನ್ನುವವರಿಗೂ ಹಗುರವಾಗುತ್ತದೆ.

ಮನಶ್ಶಾಸ್ತ್ರದ ಗೆಳತಿಗೆ ನಾನು ಕೊಟ್ಟ ಕೆಲಸ ಬೆಳಗಿನ ವಿಡಿಯೋ ಕರೆ. ಅವಳು ಏನೂ ಮಾತಾಡಬೇಕಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಈ ಕಡೆ ನಾನು ಕಾಲು ಎತ್ತಿ ಇಳಿಸುವುದು. "ಶಭಾಷ್ ಅನ್ನಬೇಡ ಕಣೇ, ಅಂದರೆ ಮೈ ಉರಿಯುತ್ತೆ" ಎಂದು ಮೊದಲೇ ಹೇಳಿದ್ದೆ. ಪಾಪ, ಅವಳಿಗೆ ಸುಮ್ಮನಿರುವುದೇ ದೊಡ್ಡ ಶಿಕ್ಷೆ. ಆದರೂ ಒಬ್ಬಳು ಆ ಕಡೆ ಕಾಯುತ್ತಿದ್ದಾಳೆ ಎನ್ನುವ ಸಂಕೋಚಕ್ಕೆ ನಾನು ಏಳುತ್ತಿದ್ದೆ. ಹುರುಪಿಗಿಂತ ಸಂಕೋಚ ನಂಬಿಕಸ್ಥ ಎನ್ನುವುದು ನನ್ನ ಸ್ವಂತ ಸಿದ್ಧಾಂತ, ಯಾರು ಬೇಕಾದರೂ ಜಗಳವಾಡಬಹುದು. ಕರೆ ತಪ್ಪಿದ ದಿನಗಳೂ ಇದ್ದವು. ಮೊದಮೊದಲು ಒಂದು ದಿನ ತಪ್ಪಿದರೆ ಎಲ್ಲ ಹಾಳಾಯಿತು ಎಂದು ಮರುದಿನವೂ ಬಿಡುತ್ತಿದ್ದೆ. ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ 2010ರ ಅಧ್ಯಯನವನ್ನು ಅವಳು ತೋರಿಸಿದಳು. ಹೊಸ ರೂಢಿಯೊಂದು ಮೈಗೂಡಲು ಜನರಿಗೆ 18 ದಿನದಿಂದ 254 ದಿನದವರೆಗೆ ಬೇಕಾಗಬಹುದು, ಮಧ್ಯದ ಸಂಖ್ಯೆ 66. ನಡುವೆ ಒಂದು ದಿನ ತಪ್ಪಿದರೆ ರೂಢಿಗೆ ಹೇಳಿಕೊಳ್ಳುವಂಥ ಧಕ್ಕೆಯಾಗುವುದಿಲ್ಲ. ಆಮೇಲೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು. ತಪ್ಪಿದ ದಿನದ ಬಗ್ಗೆ ವಿಚಾರಣೆ ಇಲ್ಲ, ಮರುದಿನದ ಹೊತ್ತು ಮಾತ್ರ ಕೇಳುವುದು.

ಅಕ್ಕನ ವಿಷಯ ಸೂಕ್ಷ್ಮ. ಅವಳ ಮುಂದೆ ನಾನು ಮನಸ್ಸು ಬಿಚ್ಚಿ ಅಳುತ್ತಿದ್ದೆ, ಅವಳೂ ಜೊತೆಗೆ ಅಳುತ್ತಿದ್ದಳು. ಅತ್ತ ಮೇಲೆ ಹಗುರವಾಗುವ ಬದಲು ಇಬ್ಬರೂ ಇನ್ನಷ್ಟು ಕುಗ್ಗಿ ಫೋನ್ ಇಡುತ್ತಿದ್ದೆವು. ಇದನ್ನೂ ಸಂಶೋಧಕರು ಗಮನಿಸಿದ್ದಾರೆ. ಅಮಾಂಡ ರೋಸ್ 2002ರಲ್ಲಿ ಶಾಲಾ ಮಕ್ಕಳನ್ನು ಅಭ್ಯಸಿಸಿದಾಗ, ಗೆಳೆಯರ ಜೊತೆ ಒಂದೇ ಕಷ್ಟವನ್ನು ಮತ್ತೆ ಮತ್ತೆ ಕೆದಕಿ ಮಾತಾಡುವವರಲ್ಲಿ ಗೆಳೆತನ ಗಾಢವಾಗಿತ್ತು, ಜೊತೆಗೆ ಖಿನ್ನತೆ, ಆತಂಕದ ಲಕ್ಷಣಗಳೂ ಹೆಚ್ಚಿದ್ದವು. ನಾವು ದೊಡ್ಡವರು ಬೇರೆಯೇನಲ್ಲ ಎಂದು ನನಗೆ ಅನಿಸಿತು. ಅಳುವುದನ್ನು ನಿಲ್ಲಿಸಲಿಲ್ಲ, ಅಳದಿದ್ದರೆ ಅಕ್ಕ ಯಾಕೆ ಬೇಕು! ಆದರೆ ಫೋನ್ ಇಡುವ ಮುಂಚೆ ಅವಳು ಒಂದು ಪ್ರಶ್ನೆ ಕೇಳಲೇಬೇಕು ಎಂದು ಗೊತ್ತುಮಾಡಿಕೊಂಡೆವು: "ನಾಳೆ ಎದ್ದ ಕೂಡಲೇ ಏನ್ ಮಾಡ್ತೀಯ?" ಉತ್ತರ ಎಷ್ಟು ಸಣ್ಣದಿದ್ದರೂ ಸರಿ, ಕಿಟಕಿ ತೆಗೀತೀನಿ ಎಂದರೂ ಸರಿ.

ಅವಳಿಗೆ ಇನ್ನೊಂದು ಹೊಣೆಯೂ ಇತ್ತು. ಬೇಸರ ಬೇರೆ, ಕಾಯಿಲೆ ಬೇರೆ, ಒಳಗಿರುವವರಿಗೆ ಈ ಎರಡರ ಗಡಿ ಕಾಣುವುದಿಲ್ಲ. ಹೆಚ್ಚುಕಡಿಮೆ ಪ್ರತಿದಿನ ಎನ್ನುವ ಹಾಗೆ ಎರಡು ವಾರ ಮನಸ್ಸು ಕುಸಿದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಅದನ್ನು ಧೈರ್ಯ ಹೇಳಿ ಸರಿಮಾಡಲು ಹೋಗಬಾರದು, ವೈದ್ಯರಿಗೆ ತೋರಿಸಬೇಕು. ಎರಡನೇ ಆಪರೇಷನ್ ಆದ ಮೇಲೆ ಅಕ್ಕನೇ ಇದನ್ನು ಹಿಡಿದಳು. "ನೀನೀಗ ಬೈಯ್ಯೋದನ್ನೂ ಬಿಟ್ಟಿದ್ದೀಯ, ನಡಿ ಹೋಗೋಣ" ಎಂದಳು. ಕೌನ್ಸೆಲರ್ ಮೊದಲು ಕೊಟ್ಟಿದ್ದು ಪಿಎಚ್‌ಕ್ಯು-9 ಎನ್ನುವ ಒಂಬತ್ತು ಪ್ರಶ್ನೆಗಳ ಹಾಳೆ, ಕಳೆದ ಎರಡು ವಾರ ಹೇಗಿದ್ದಿರಿ ಎಂದು ಕೇಳುತ್ತದೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಮೇಲೆ ಬಂದರೆ ಅವರು ಗಂಭೀರವಾಗಿ ಮುಂದಿನ ವಿಚಾರಣೆ ಮಾಡುತ್ತಾರೆ. ನನ್ನದು ಮೇಲಿತ್ತು. ಕೆಲವು ತಿಂಗಳು ಹೋಗಿಬಂದೆ. ಮಂಡಿಗೆ ಫಿಸಿಯೋ ಇದ್ದ ಹಾಗೆ ಇದಕ್ಕೂ ಒಬ್ಬರು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿದೆ, ಮುಚ್ಚಿಡಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದವರು ಒಬ್ಬ ಹಿರಿಯರು. ನನಗಿಂತ ಒಂದು ವರ್ಷ ಮುಂಚೆ ಇದೇ ಆಪರೇಷನ್ ಮಾಡಿಸಿಕೊಂಡಿದ್ದವರು, ಫಿಸಿಯೋ ಮೂಲಕ ಪರಿಚಯ. ಅವರಲ್ಲಿ ಅನುಕಂಪ ಕಡಿಮೆ, ಮಾಹಿತಿ ಜಾಸ್ತಿ. ಮೂರನೇ ತಿಂಗಳ ಹೊತ್ತಿಗೆ ನನಗೆ ನೋವೇ ಇರಲಿಲ್ಲ, ಮೆಟ್ಟಿಲು ಸರಸರ ಹತ್ತುತ್ತಿದ್ದೆ, ಇಷ್ಟಾದ ಮೇಲೂ ವ್ಯಾಯಾಮ ಯಾಕೆ ಎನ್ನುವ ಸೋಮಾರಿತನ ಬಂದಿತ್ತು. ಅವರು ಕೂರಿಸಿ ಹೇಳಿದರು: "ನೋವು ಹೋಗೋದಕ್ಕೂ ನಾರು ಗಟ್ಟಿಯಾಗೋದಕ್ಕೂ ಸಂಬಂಧ ಇಲ್ಲಮ್ಮ." ನಮ್ಮದೇ ದೇಹದ ಬೇರೆ ಕಡೆಯ ನಾರು ತೆಗೆದು ಹರಿದ ಲಿಗಮೆಂಟಿನ ಜಾಗದಲ್ಲಿ ಕೂರಿಸಿರುತ್ತಾರೆ. ಅದು ಮೊದಲು ಸತ್ವ ಕಳೆದುಕೊಂಡು, ರಕ್ತನಾಳಗಳು ಬೆಳೆದು, ಆಮೇಲೆ ಮೆಲ್ಲಗೆ ಲಿಗಮೆಂಟಿನ ಗುಣ ಪಡೆಯುತ್ತದೆ. ಮೊದಲ ಕೆಲವು ತಿಂಗಳು ಅದು ಆಪರೇಷನ್ ದಿನಕ್ಕಿಂತಲೂ ದುರ್ಬಲ. ಆಟಕ್ಕೆ ಮರಳುವುದು ಕನಿಷ್ಠ 9 ತಿಂಗಳ ನಂತರ, ಅದೂ ಎರಡೂ ಕಾಲಿನ ಬಲ ಹೋಲಿಸಿ ನೋಡಿ, ಪೆಟ್ಟಾದ ಕಾಲು ಇನ್ನೊಂದರ ಶೇಕಡಾ 90ರಷ್ಟಾದರೂ ಬಂದಿದ್ದರೆ. ಇದನ್ನು ವೈದ್ಯರೂ ಹೇಳಿದ್ದರು. ಆದರೆ ಅದೇ ಬೇಸರವನ್ನು ದಾಟಿ ಬಂದವರ ಬಾಯಲ್ಲಿ ಕೇಳಿದಾಗ ತೂಕ ಬೇರೆ. ಆಮೇಲೆ ಮೆನಿಸ್ಕಸ್ ಹರಿದಾಗ ನಾನು ಮೊದಲು ಫೋನ್ ಮಾಡಿದ್ದು ಇವರಿಗೇ. "ಅಯ್ಯೋ" ಎನ್ನಲಿಲ್ಲ. "ಹೊಲಿಗೆ ಹಾಕ್ತಾರಾ, ತುಣುಕು ತೆಗೀತಾರಾ?" ಎಂದರು. ಹೊಲಿದರೆ ಚೇತರಿಕೆ ನಿಧಾನ, ತುಣುಕು ತೆಗೆದರೆ ಬೇಗ ಎಂದು ವಿವರಿಸಿದರು. ಆ ಪ್ರಶ್ನೆ ನನ್ನನ್ನು ದುಃಖದಿಂದ ಎಳೆದು ಕೆಲಸಕ್ಕೆ ಹಚ್ಚಿತು.

ಮನೆಯವರು ಮಾಡಿದ್ದನ್ನು ನಾನು ಬಹಳ ತಡವಾಗಿ ಕಂಡುಕೊಂಡೆ. ಕೂತೆದ್ದು ಮಾಡಲು ಕುರ್ಚಿ ಯಾವಾಗಲೂ ಸರಿಯಾದ ಎತ್ತರದ್ದೇ ಸಿಗುತ್ತಿತ್ತು, ಐಸ್ ಪ್ಯಾಕ್ ಫ್ರೀಜರಿನಲ್ಲಿ ಇದ್ದೇ ಇರುತ್ತಿತ್ತು, ಬಾತ್‌ರೂಮಿನ ನೆಲ ಒಣಗಿರುತ್ತಿತ್ತು. ಇದನ್ನೆಲ್ಲ ಯಾರೋ ಮಾಡುತ್ತಿದ್ದಾರೆ ಎಂದು ಹೊಳೆದೇ ಇರಲಿಲ್ಲ. ನಿಯಾಲ್ ಬೋಲ್ಜರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದಾಗ ಇವರ ಮುಖ ನೆನಪಾಯಿತು. ನ್ಯೂಯಾರ್ಕಿನಲ್ಲಿ ವಕೀಲಿ ಪರೀಕ್ಷೆಗೆ ಕೂತವರೂ ಅವರ ಸಂಗಾತಿಗಳೂ ದಿನಾ ಬೇರೆಬೇರೆಯಾಗಿ ದಿನಚರಿ ಬರೆದರು. ಸಂಗಾತಿ ನೆರವು ಕೊಟ್ಟೆ ಎಂದು ಬರೆದು, ಪಡೆದವರು ಅದನ್ನು ಗಮನಿಸಿಯೇ ಇರದ ದಿನಗಳಲ್ಲಿ ಪರೀಕ್ಷೆಗೆ ಕೂತವರ ಮನಸ್ಸು ಹೆಚ್ಚು ಹದವಾಗಿತ್ತು. ನೆರವು ಕಣ್ಣಿಗೆ ಹೊಡೆದರೆ "ನನ್ನಿಂದ ಇದೂ ಆಗಲ್ಲವೇ" ಎಂದು ಚುಚ್ಚುತ್ತದೆ. ನಾನು ಮೇಲೆ ಹೇಳಿದ ಕೇಳಿ ಪಡೆಯುವ ವಿಧಾನಕ್ಕೆ ಇದು ವಿರುದ್ಧವಲ್ಲವೇ ಎಂದರೆ, ಹೌದು, ಸ್ವಲ್ಪ ವಿರುದ್ಧವೇ. ಕೇಳಿ ಪಡೆದದ್ದರಲ್ಲಿ ಚುಕ್ಕಾಣಿ ನನ್ನ ಕೈಯಲ್ಲೇ ಇತ್ತು, ಅದಕ್ಕೆ ಚುಚ್ಚಲಿಲ್ಲ. ಕೇಳದೆ ಬಂದದ್ದು ಮನೆಯವರದರಂತೆ ಸದ್ದಿಲ್ಲದೆ ಬಂದರೆ ಒಳ್ಳೆಯದು.

ಕೆಲಸ ಸಿಕ್ಕ ಕಥೆ ಚಿಕ್ಕದು. ಆಪ್ತರೆಲ್ಲ ಹುಡುಕಿದರು, ಸಿಗಲಿಲ್ಲ, ಏಕೆಂದರೆ ಅವರಿಗೆ ಗೊತ್ತಿದ್ದವರೆಲ್ಲ ನನಗೂ ಗೊತ್ತಿದ್ದವರೇ. ಎಂದೋ ಒಂದು ರೆಫ್ರಿ ತರಬೇತಿ ಶಿಬಿರದಲ್ಲಿ ಪಕ್ಕ ಕೂತಿದ್ದವರೊಬ್ಬರಿಗೆ ಅಳುಕುತ್ತಲೇ ಮೆಸೇಜ್ ಮಾಡಿದ್ದೆ, ಅವರಿಂದ ಬಂತು. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಪರಿಚಯದಿಂದ ಕೆಲಸ ಹಿಡಿದವರ ಲೆಕ್ಕವಿದೆ: ಆಗಾಗ ಭೇಟಿಯಾಗುವವರಿಂದ ಸಿಕ್ಕಿದ್ದು ಶೇಕಡಾ 16.7 ಜನರಿಗೆ ಮಾತ್ರ, ಅಪರೂಪಕ್ಕೊಮ್ಮೆ ಕಾಣುವವರಿಂದ 27.8, ಉಳಿದ 55.6 ಇವೆರಡರ ನಡುವಿನ ಪರಿಚಯದಿಂದ. ಕಣ್ಣೀರಿಗೆ ಹತ್ತಿರದವರು, ಕೆಲಸಕ್ಕೆ ದೂರದವರು ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. ಈಗ ಇನ್ನೊಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತೇನೆ. ನೆಗೆದು ಇಳಿಯುವಾಗ ಮಂಡಿ ಒಳಕ್ಕೆ ಬಾಗದಂತೆ ಇಳಿಯುವುದು ಹೇಗೆ ಎನ್ನುವುದೇ ಮೊದಲ ಪಾಠ.

ದೂರ ಸರಿದವರೂ ಇದ್ದಾರೆ. ಜೊತೆಯಲ್ಲಿ ಆಡುತ್ತಿದ್ದ ಇಬ್ಬರು ಆಪರೇಷನ್ ಆದ ಮೇಲೆ ಕರೆ ಮಾಡುವುದನ್ನೇ ಬಿಟ್ಟರು. ನನ್ನ ಮಂಡಿಯಲ್ಲಿ ಅವರಿಗೆ ತಮ್ಮ ಮಂಡಿ ಕಂಡು ಹೆದರಿಕೆಯಾಗಿರಬಹುದು. ಆ ಬಗ್ಗೆ ಯೋಚಿಸುವುದನ್ನು ಬೇಗ ನಿಲ್ಲಿಸಿದೆ, ಆಗ ಇದ್ದ ಶಕ್ತಿಗೆ ಬೇರೆ ಕೆಲಸವಿತ್ತು.

ಕೆಲಸಕ್ಕೆ ಸೇರಿದ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ, ನಾನು ಕೇಳಿದ್ದ ಕೆಲಸ ಇಲ್ಲಿಗೆ ಮುಗಿಯಿತು, ಇನ್ನು ನಿಮಗೆ ಬಿಡುವು ಎಂದು ಹೇಳಿದೆ. ಮೊದಲೇ ಗಡುವು ಹೇಳಿ ಕೇಳಿದ್ದೆನಲ್ಲ, ಮುಗಿಸುವುದೂ ನನ್ನ ಪಾಲಿನದೇ. ಹಿರಿಯರು, "ಸರಿ, ನನ್ನ ನಂಬರನ್ನ ಮುಂದಿನವರಿಗೆ ಕೊಡು" ಎಂದರು. ಅಕ್ಕ ಈಗಲೂ ಫೋನ್ ಇಡುವ ಮುಂಚೆ ಅದೇ ಪ್ರಶ್ನೆ ಕೇಳುತ್ತಾಳೆ, ಅಭ್ಯಾಸಬಲ. ಗೆಳತಿ ಮಾತ್ರ ಬೆಳಗಿನ ಕರೆ ನಿಲ್ಲಿಸಲು ಒಪ್ಪಲಿಲ್ಲ. ಅವಳಿಗೀಗ ಬೆನ್ನುನೋವು, ಕಾಲು ಎತ್ತಿ ಇಳಿಸುವವಳು ಅವಳು, ಮಾತಾಡದೆ ಕೂರಬೇಕಾದವಳು ನಾನು.