ಹಳೆಯ ಗೆಳೆಯನ ಮುಖ ಬರೆದದ್ದು

ಪರಿಚಯ ಇಲ್ಲದವರ ಮುಖ ಬರೆಯುವುದು ನನಗೆ ಸುಲಭ. ಹಳೆಯ ಗೆಳೆಯ ಎದುರು ಕೂತರೆ ಹಾಗಲ್ಲ. ಹುಡುಗನಾಗಿದ್ದಾಗಿನ ಅವನ ಮುಖ ತಲೆಯಲ್ಲಿ ಬೇರೂರಿದೆ, ಕೈ ಅದನ್ನೇ ಬರೆಯಲು ಹೋಗುತ್ತದೆ. ಅದಕ್ಕೇ ಈ ಆಯಿಲ್ ಪೋರ್ಟ್ರೇಟ್ ಶುರು ಮಾಡುವಾಗ ಕಣ್ಣು, ಮೂಗು ಅಂತ ಯೋಚಿಸಲೇ ಇಲ್ಲ. ಕಣ್ಣು ಕಿರಿದು ಮಾಡಿಕೊಂಡು ನೆರಳು ಎಲ್ಲಿ ಮುಗಿಯುತ್ತದೆ ಎಂದಷ್ಟೇ ನೋಡಿದೆ.

ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಬೀಳುವಂತೆ ಅವನನ್ನು ಕೂರಿಸಿ, ದೀಪ ಆರಿಸಿದೆ. ಎರಡೂ ಕಡೆಯಿಂದ ಬೆಳಕು ಬಿದ್ದರೆ ಮುಖ ಚಪ್ಪಟೆಯಾಗುತ್ತದೆ. ಕ್ಯಾನ್ವಾಸಿಗೆ ಮೊದಲೇ ಅಂಬರ್ (umber) ಎಂಬ ಮಣ್ಣುಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳು ಮಾಡಿ ಬಳಿದಿದ್ದೆ. ಬಿಳಿ ಕ್ಯಾನ್ವಾಸಿನ ಮೇಲೆ ಚರ್ಮದ ಬಣ್ಣ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ.

ಬಣ್ಣ ನಾಲ್ಕೇ: ಯೆಲ್ಲೋ ಓಕರ್ ಎಂಬ ಮಣ್ಣುಹಳದಿ, ಕೆಂಪು, ಐವರಿ ಬ್ಲ್ಯಾಕ್ ಎಂಬ ಕಪ್ಪು, ಬಿಳಿ. ಸ್ವೀಡನ್ನಿನ ಕಲಾವಿದ ಆಂಡರ್ಸ್ ಜೋರ್ನ್ (1860–1920) ಹೆಸರಿನಿಂದ ಕರೆಯುವ ಪ್ಯಾಲೆಟ್ ಇದು. ನೀಲಿ ಇಲ್ಲವಲ್ಲ ಅನ್ನಬೇಡಿ. ಐವರಿ ಬ್ಲ್ಯಾಕಿಗೆ ಬಿಳಿ ಬೆರೆಸಿದರೆ ಬರುವ ಬೂದು, ಕೆಂಪು ಹಳದಿಗಳ ಪಕ್ಕದಲ್ಲಿ ನೀಲಿಯಾಗಿಯೇ ಕಾಣುತ್ತದೆ. ಆಗಷ್ಟೇ ಕ್ಷೌರ ಮಾಡಿಕೊಂಡ ಅವನ ಗದ್ದಕ್ಕೆ ಅಷ್ಟೇ ಸಾಕಾಯಿತು.

ಸುಮ್ನೆ ಕೂರು ಅಂದರೆ ಅವನ ಮುಖ ಜೋತುಬಿದ್ದು ಬೇರೆ ಯಾರದೋ ಆಗುತ್ತಿತ್ತು. ಮಾತಿಗೆ ಎಳೆದೆ. ಹಳೆಯ ಮೇಷ್ಟರೊಬ್ಬರ ಸುದ್ದಿ ಬಂತು ನೋಡಿ, ಎಡಗಣ್ಣಿನ ರೆಪ್ಪೆ ಬಲಗಣ್ಣಿನದಕ್ಕಿಂತ ಜಾಸ್ತಿ ಇಳಿಯಿತು, ತುಟಿಯ ಒಂದು ಕೊನೆ ಮಾತ್ರ ಮೇಲೆದ್ದಿತು. ಅವನು ಅಂದರೆ ಅದೇ ಅಲ್ವಾ! ಆ ಕೊನೆಗೆ ಗೆರೆ ಎಳೆಯಲಿಲ್ಲ. ಬಣ್ಣ ಹಸಿಯಿರುವಾಗಲೇ ಒಣ ಬ್ರಷ್ಷಿನಿಂದ ತುಟಿಯ ನೆರಳನ್ನು ಕೆನ್ನೆಯ ಕಡೆಗೆ ಮೆಲ್ಲಗೆ ಸವರಿದೆ. ಅಲ್ಲಿ ಅಂಚು ಗಟ್ಟಿಯಾದರೆ ನಗು ಬಿಗಿದುಕೊಳ್ಳುತ್ತದೆ. ಕಣ್ಣುಗುಡ್ಡೆಗೂ ಬರೀ ಬಿಳಿ ಹಾಕಲಿಲ್ಲ; ರೆಪ್ಪೆಯ ನೆರಳಿನಲ್ಲಿ ಅದು ಬೂದು.

"ಸುಕ್ಕು ಸ್ವಲ್ಪ ಕಮ್ಮಿ ಮಾಡೋ" ಎಂದ. ಮಾಡಲಿಲ್ಲ. ಆ ಸುಕ್ಕು ಬೀಳುವುದನ್ನು ಹತ್ತಿರದಿಂದ ಕಂಡವನು ನಾನು, ಅಳಿಸಲು ಮನಸ್ಸು ಬರಲಿಲ್ಲ.

ಮುಗಿದ ಮೇಲೆ ನೋಡಿ, "ನನ್ನ ಹಾಗಿಲ್ಲ ಕಣೋ" ಎಂದ. ದಿನಾ ಕನ್ನಡಿಯಲ್ಲಿ ಎಡಬಲ ಅದಲುಬದಲಾದ ಮುಖ ನೋಡುವವರಿಗೆ ಹಾಗನ್ನಿಸುವುದು ಸಹಜ. ಚಿತ್ರದ ಎದುರು ಕನ್ನಡಿ ಹಿಡಿದೆ. ಒಪ್ಪಿಕೊಂಡ. ಅವನ ಹೆಂಡತಿಗೆ ಕನ್ನಡಿಯೇ ಬೇಕಾಗಲಿಲ್ಲ, ಬಾಗಿಲಿನಿಂದಲೇ ಗುರುತಿಸಿದರು.

ವಾರ್ನಿಷ್ ಇನ್ನೂ ಹಚ್ಚಿಲ್ಲ. ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಧೂಳು ಬೀಳದ ಗೋಡೆಗೆ ತೂಗುಹಾಕು, ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬೇಡ ಎಂದು ಹೇಳಿ ಕೊಟ್ಟಿದ್ದೇನೆ.