ನರ್ಸರಿಯ ಬೇಲಿ, ಹೋಂಸ್ಟೇ ಬಾಡಿಗೆ: ವರ್ಗ ಸಮೀಕರಣ ನಾನು ಬಳಸುವ ರೀತಿ

ಕೊಡಗಿನ ಗೋಣಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ರೋಬಸ್ಟಾ ಕಾಫಿ ತೋಟ. ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ವರ್ಗ ಸಮೀಕರಣ ಇವತ್ತಿಗೂ ನನ್ನ ಕೈಗೆ ಬರುತ್ತದೆ. ಉತ್ತರ ಕಂಡುಹಿಡಿಯೋದಕ್ಕಿಂತ ಜಾಸ್ತಿ, ಆ ಉತ್ತರದಿಂದ ಆಚೀಚೆ ಸರಿದರೆ ನಷ್ಟ ಎಷ್ಟು ಅಂತ ತಿಳಿಯೋಕೆ ಅದು ಬೇಕು. ತೋಟದಲ್ಲಿ ಯಾವುದೂ ಪುಸ್ತಕದ ಅಳತೆಗೆ ಕೂರೋದಿಲ್ಲ, ಅಲ್ವಾ?

ನರ್ಸರಿ ಲೆಕ್ಕ ಹೇಳುತ್ತೇನೆ. ಮೊಳೆತು, ಬೀಜವನ್ನೇ ಟೋಪಿಯಂತೆ ತಲೆ ಮೇಲೆ ಹೊತ್ತ ಕಾಫಿ ಸಸಿಗಳು ಫೆಬ್ರವರಿ, ಮಾರ್ಚ್ ಹೊತ್ತಿಗೆ ಪಾಲಿಬ್ಯಾಗಿಗೆ ಹೋಗಬೇಕು. ಜೂನ್ ಮಳೆ ಹಿಡಿದ ಮೇಲೆ ತೋಟಕ್ಕೆ. ಅಲ್ಲಿಯವರೆಗೆ ದನ, ಕೋಳಿ ನುಗ್ಗದ ಜಾಗ ಬೇಕು. ಒಂದು ಬದಿಗೆ ಗೋದಾಮಿನ ಗೋಡೆ ಇತ್ತು. ಉಳಿದ ಮೂರು ಬದಿಗೆ ಕಟ್ಟೋಕೆ ಕೈಯಲ್ಲಿದ್ದದ್ದು 80 ಅಡಿ ಮೆಶ್.

ಗೋಡೆಯಿಂದ ಹೊರಕ್ಕೆ ಬರುವ ಅಗಲವನ್ನು 'ಅ' ಅಂತ ಇಟ್ಟುಕೊಂಡೆ. ಅಂಥ ಬದಿ ಎರಡು. ಹಾಗಾಗಿ ಗೋಡೆಗೆ ಎದುರಿನ ಉದ್ದಕ್ಕೆ ಉಳಿಯೋದು 80 − 2ಅ. ಜಾಗ = ಅ × (80 − 2ಅ). ಬಿಡಿಸಿದರೆ 80ಅ − 2ಅ². ವರ್ಗದ ಮುಂದೆ ಮೈನಸ್ ಇದೆ, ಅಂದರೆ ಗ್ರಾಫಿನಲ್ಲಿ ಬರುವ ಬಾಗಿದ ಗೆರೆಯ, ಅಂದರೆ ಪರವಲಯದ, ಬಾಯಿ ಕೆಳಗೆ, ಶೃಂಗ (ಅದರ ತುದಿ) ಮೇಲೆ. ಇದನ್ನು ವರ್ಗ ಪೂರ್ಣಗೊಳಿಸಿ ಬರೆದರೆ ನನಗೆ ತುಂಬ ಇಷ್ಟವಾಗುವ ರೂಪ ಬರುತ್ತದೆ:

ಜಾಗ = 800 − 2(ಅ − 20)²

ಸೂತ್ರ ಬಾಯಿಪಾಠ ಮಾಡಿ ಸಂಖ್ಯೆ ತುಂಬಿಸೋದಕ್ಕಿಂತ ಇದು ಎಷ್ಟೋ ಮೇಲು. ಎಲ್ಲವೂ ಕಣ್ಣೆದುರೇ ಇದೆ. ಅಗಲ 20 ಅಡಿ ಇಟ್ಟರೆ 800 ಚದರ ಅಡಿ, ಅದಕ್ಕಿಂತ ಜಾಸ್ತಿ ಸಿಗೋದಿಲ್ಲ. ಎರಡು ಅಡಿ ಆಚೀಚೆ ಆದರೆ ಹೋಗೋದು 2 × 4, ಅಂದರೆ 8 ಚದರ ಅಡಿ ಮಾತ್ರ. ನೂರಕ್ಕೆ ಒಂದು! ಆದರೆ ಹತ್ತು ಅಡಿ ತಪ್ಪಿದರೆ 200 ಚದರ ಅಡಿ ಹೋಯಿತು. ಶೃಂಗದ ಹತ್ತಿರ ವಕ್ರರೇಖೆ ಚಪ್ಪಟೆ. ದೂರ ಹೋದಷ್ಟೂ ಕಡಿದಾಗುತ್ತದೆ.

ಇದು ನನಗೆ ಕೆಲಸಕ್ಕೆ ಬಂದದ್ದು ಹೀಗೆ. ನಮ್ಮ ಪಾತಿ 4 ಅಡಿ ಅಗಲ, ನಡುವಿನ ದಾರಿ 2 ಅಡಿ. ನಾಲ್ಕು ಪಾತಿ, ಮೂರು ದಾರಿ ಸೇರಿದರೆ 22 ಅಡಿ. 20 ಅಡಿಯೇ ಆಗಬೇಕು ಅಂತ ಹಟ ಹಿಡಿದಿದ್ದರೆ ಒಂದು ಪಾತಿ ಕಿರಿದಾಗುತ್ತಿತ್ತು. 22 ಅಡಿ ಅಗಲ, 36 ಅಡಿ ಉದ್ದ ಇಟ್ಟೆ. 792 ಚದರ ಅಡಿ ಸಿಕ್ಕಿತು, ಪಾತಿಗಳೂ ಸರಿಯಾಗಿ ಕೂತವು.

700 ಚದರ ಅಡಿ ಸಾಕು ಅನ್ನುವವರಿಗೆ ಇನ್ನೂ ಸಲೀಸು. (ಅ − 20)² = 50 ಅಂತ ಬಿಡಿಸಿದರೆ ಸುಮಾರು 13 ಮತ್ತು 27 ಬರುತ್ತವೆ. ಈ ಎರಡರ ನಡುವೆ ಎಲ್ಲಿ ಇಟ್ಟರೂ ನಡೆಯುತ್ತದೆ. ಪಕ್ಕದ ಮನೆಯ ಮಕ್ಕಳು ಲೆಕ್ಕ ಕೇಳೋಕೆ ಬಂದಾಗ, ಎರಡು ಮೂಲಗಳಲ್ಲಿ, ಅಂದರೆ ಉತ್ತರಗಳಲ್ಲಿ, ಯಾವುದು ಸರಿ ಅಂತ ಕೇಳುತ್ತಾರೆ. ಅವರಿಗೆ ಗಣಿತಜ್ಞ ಮಹಾವೀರಾಚಾರ್ಯರ ಒಂಟೆ ಹಿಂಡಿನ ಲೆಕ್ಕ ಕೊಡುತ್ತೇನೆ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದವರು ಅವರು. ಹಿಂಡಿನ ಕಾಲು ಭಾಗ ಕಾಡಿನಲ್ಲಿ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದಲ್ಲಿ, ಉಳಿದ 15 ಹೊಳೆ ದಂಡೆಯಲ್ಲಿ. ಒಟ್ಟು ಎಷ್ಟು? 36. ಅಲ್ಲಿ ವರ್ಗಮೂಲಕ್ಕೆ ಬರುವ ಎರಡು ಬೆಲೆಗಳಲ್ಲಿ ಒಂದು ಋಣ ಸಂಖ್ಯೆ, ಬಿಡಲೇಬೇಕು. ನನ್ನ ಬೇಲಿಯಲ್ಲಿ ಎರಡೂ ಬೇಕು. ಯಾವುದನ್ನು ಬಿಡಬೇಕು ಅಂತ ಹೇಳೋದು ಸಮೀಕರಣ ಅಲ್ಲ, ಸಂದರ್ಭ.

ಇನ್ನೊಂದು, ಅತ್ತಿಗೆಯ ಹೋಂಸ್ಟೇ ಲೆಕ್ಕ. ಮೂರು ರೂಮು. ಸೋಮವಾರದಿಂದ ಗುರುವಾರದವರೆಗೆ ನಾಲ್ಕು ರಾತ್ರಿ, ಅಂದರೆ ವಾರಕ್ಕೆ 12 ಬುಕಿಂಗ್. 1,600 ರೂಪಾಯಿ ಇದ್ದಾಗ ಅಷ್ಟೂ ತುಂಬುತ್ತಿತ್ತು. 2,000 ಮಾಡಿದಾಗ 10ಕ್ಕೆ ಇಳಿಯಿತು. ಅಂದರೆ 200 ಏರಿಸಿದಂತೆಲ್ಲ ಒಂದು ಬುಕಿಂಗ್ ಕಡಿಮೆ ಅಂತ ಹಿಡಿದೆವು.

"ಅತ್ತಿಗೆ, ಒಂದು ರೂಮು ತುಂಬಿದರೆ ನಿಮಗೆ ಖರ್ಚು ಎಷ್ಟು?"

"ತಿಂಡಿ, ಬಿಸಿನೀರು, ಬಟ್ಟೆ ಒಗೆಯೋದು ಎಲ್ಲ ಸೇರಿ 400 ಆಗುತ್ತೆ ನೋಡು."

ಈ 400 ಬಿಟ್ಟು ಬರೀ ವಸೂಲಿ ನೋಡಿದರೆ 2,000 ರೂಪಾಯಿಯೇ ಶೃಂಗ. ಖರ್ಚು ಕಳೆದು ಲೆಕ್ಕ ಹಾಕಿದರೆ, 200ರಂತೆ ಎಷ್ಟು ಸಲ ಏರಿಸಿದೆವು ಅನ್ನೋದು 'ಏ' ಆದರೆ, ಉಳಿತಾಯ (1,200 + 200ಏ)(12 − ಏ). ಅದು 16,200 − 200(ಏ − 3)² ಆಗುತ್ತದೆ. ಶೃಂಗ 2,200ಕ್ಕೆ ಸರಿಯಿತು. 2,000ಕ್ಕೇ ನಿಲ್ಲಿಸಿದರೆ ವಾರಕ್ಕೆ ಕಳೆಯೋದು 200 ರೂಪಾಯಿ. ಹಳಬ ಗಿರಾಕಿಗಳು ಬೇಸರ ಮಾಡಿಕೊಳ್ಳಬಾರದು ಅಂತ ಅತ್ತಿಗೆ 2,000ಕ್ಕೇ ನಿಂತರು. ಲೆಕ್ಕ ಗೊತ್ತಿದ್ದೂ ಮಾಡಿದ ತೀರ್ಮಾನ ಅದು, ನನಗೂ ಸರಿ ಅನ್ನಿಸಿತು. ಒಂದು ಎಚ್ಚರ: ಮಳೆಗಾಲದ ಬುಕಿಂಗನ್ನು ಇದಕ್ಕೆ ಬೆರೆಸಬೇಡಿ. ಅದಕ್ಕೆ ಬೇರೆಯೇ ಲೆಕ್ಕ.

ತೋಟಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರ್ ಜೆಟ್‌ಗೆ ಮಾತ್ರ ನಾನು ಈ ಪರವಲಯದ ಲೆಕ್ಕವನ್ನು ಅಷ್ಟು ನಂಬೋದಿಲ್ಲ. ಎಸೆದ ವಸ್ತು ಪರವಲಯದಲ್ಲಿ ಸಾಗುತ್ತದೆ ಅಂತ ಗೆಲಿಲಿಯೋ 1638ರಲ್ಲಿ ಬರೆದದ್ದು ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದೆ. ಕಾಫಿ ಹೂ ಅರಳಲೆಂದು ನೀರು ಕೊಡುವಾಗ ಜೆಟ್ ನೀರು ಹನಿಹನಿಯಾಗಿ ಒಡೆಯುತ್ತದೆ. ಗಾಳಿ ತಡೆದು ಲೆಕ್ಕಕ್ಕಿಂತ ಮೊದಲೇ ಬೀಳುತ್ತದೆ. ಅಲ್ಲಿ ಸಾಲಾಗಿ ಖಾಲಿ ಡಬ್ಬಿ ಇಟ್ಟು, ಒಂದು ಗಂಟೆ ಜೆಟ್ ಓಡಿಸಿ, ಯಾವ ಡಬ್ಬಿಯಲ್ಲಿ ಎಷ್ಟು ನೀರು ನಿಂತಿದೆ ಅಂತ ಸ್ಕೇಲಿನಲ್ಲಿ ಅಳೆದು ಪೈಪಿನ ಜಾಗ ಗೊತ್ತುಮಾಡುತ್ತೇನೆ.